ಸುಧಾರಣಾ ನೋಟಿಸ್ ಬಂದಿದೆ: ಉತ್ತರ ಬರೆಯಬೇಕೇ, ಹೈಕೋರ್ಟಿಗೆ ಹೋಗಬೇಕೇ?

ಪ್ರಶ್ನೆ: ನಾನು ಮತ್ತು ನನ್ನ ನಾದಿನಿ ಸೇರಿ ಉಪ್ಪಿನಕಾಯಿ, ಚಟ್ನಿಪುಡಿ ತಯಾರಿಸುವ ಸಣ್ಣ ಘಟಕವೊಂದನ್ನು ನಡೆಸುತ್ತಿದ್ದೇವೆ. ಆಹಾರ ಪರವಾನಗಿ ಇದೆ. ಎಂಟು ಮಂದಿ ಹೆಂಗಸರು ಕೆಲಸಕ್ಕಿದ್ದಾರೆ. ಕಳೆದ ತಿಂಗಳು ಆಹಾರ ಸುರಕ್ಷತಾ ಅಧಿಕಾರಿ ಬಂದು ಘಟಕವನ್ನು ನೋಡಿ, ಉಪ್ಪಿನಕಾಯಿಯ ಮಾದರಿ ತೆಗೆದುಕೊಂಡು ಹೋದರು. ಈಗ ಎರಡು ಕಾಗದಗಳು ಬಂದಿವೆ. ಮೊದಲನೆಯದು ‘ಸುಧಾರಣಾ ನೋಟಿಸ್’. ಅದರ ಮೇಲೆ 3ನೇ ತಾರೀಖು ಎಂದಿದೆ, ನಮ್ಮ ಕೈಗೆ ಬಂದದ್ದು 9ರಂದು. ರುಬ್ಬುವ ಕೋಣೆಯ ಗೋಡೆಗೆ ನೀರು ಹೀರದ ಲೇಪನ, ಚರಂಡಿಗೆ ಮುಚ್ಚಳ, ಕೆಲಸಗಾರರ ವೈದ್ಯಕೀಯ ಪ್ರಮಾಣಪತ್ರ, ಜತೆಗೆ ‘ಸುತ್ತೋಲೆಯನ್ವಯ’ ಸಿಸಿ ಕ್ಯಾಮೆರಾ, ಇಷ್ಟನ್ನೂ ನೋಟಿಸಿನ ದಿನಾಂಕದಿಂದ 14 ದಿನಗಳೊಳಗೆ ಮಾಡದಿದ್ದಲ್ಲಿ ಪರವಾನಗಿ ರದ್ದುಪಡಿಸಲಾಗುವುದು ಎಂದು ಬರೆದಿದ್ದಾರೆ. ಎರಡನೆಯದು ಆಹಾರ ವಿಶ್ಲೇಷಕರ ವರದಿ. ಪೊಟ್ಟಣದ ಮೇಲೆ ಬ್ಯಾಚ್ ಸಂಖ್ಯೆ ಇಲ್ಲ, ಲೇಬಲ್ಲಿನಲ್ಲಿ ‘ಸಂರಕ್ಷಕರಹಿತ’ ಎಂದಿದ್ದರೂ ಬೆಂಜೋಯಿಕ್ ಆಮ್ಲ ಪತ್ತೆಯಾಗಿದೆ, ಆದ್ದರಿಂದ ಮಾದರಿ ‘ಮಿಸ್‌ಬ್ರ್ಯಾಂಡೆಡ್’ (ಲೇಬಲ್ಲು ತಪ್ಪಾಗಿರುವ ಆಹಾರ) ಎಂದು ಅದರಲ್ಲಿದೆ. ನಾವು ಯಾವ ಸಂರಕ್ಷಕವನ್ನೂ ಹಾಕುವುದಿಲ್ಲ. ಕೋರ್ಟಿನ ಆದೇಶವಲ್ಲ, ಸುಮ್ಮನಿರಿ ಎಂದು ಒಬ್ಬರು ಹೇಳುತ್ತಾರೆ. ನೇರವಾಗಿ ಹೈಕೋರ್ಟಿನಲ್ಲಿ ರಿಟ್ ಹಾಕಿ ಎಂದು ಇನ್ನೊಬ್ಬರು. ತಪ್ಪಾಯಿತೆಂದು ಬರೆದುಕೊಟ್ಟರೆ ಮುಗಿಯಿತು ಎಂದು ಮತ್ತೊಬ್ಬರು. ಒಬ್ಬ ಏಜೆಂಟ್ ‘ಒಳಗಿಂದೊಳಗೇ’ ಮುಗಿಸಿಕೊಡುತ್ತೇನೆ ಎನ್ನುತ್ತಿದ್ದಾನೆ. ನಿಯಮ ಮಾಡುವವರೂ ಅವರೇ, ತಪಾಸಣೆಗೆ ಬರುವವರೂ ಅವರೇ, ದಂಡ ಹಾಕುವವರೂ ಅವರೇ ಆದರೆ ನಮ್ಮಂಥವರು ಎಲ್ಲಿಗೆ ಹೋಗಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ದಿನಾಂಕದ ಗಡುವು ಇದ್ದುದರಿಂದ ತುರ್ತಾಗಿ ಮಾಡಬೇಕಾದುದನ್ನು ನಿಮಗೆ ಅಂದೇ ತಿಳಿಸಿದ್ದೇನೆ. ಇಂಥದೇ ನೋಟಿಸು ಹಿಡಿದುಕೊಂಡು ಬರುವವರು ಬಹಳ ಮಂದಿ ಇರುವುದರಿಂದ, ಅದರ ಹಿಂದಿನ ಕಾರಣಗಳನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಗಮನಿಸಬೇಕಾದದ್ದು, ನಿಮ್ಮ ಕೈಯಲ್ಲಿರುವ ಎರಡು ಕಾಗದಗಳು ಒಂದೇ ಪ್ರಕರಣದ ಎರಡು ಹಾಳೆಗಳಲ್ಲ. ಸುಧಾರಣಾ ನೋಟಿಸು ನಿಮ್ಮ ಪರವಾನಗಿಗೆ ಸಂಬಂಧಿಸಿದ್ದು. ಅದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಸೆಕ್ಷನ್ 32ರ ಅಡಿಯಲ್ಲಿ ಬಂದಿದೆ. ವಿಶ್ಲೇಷಕರ ವರದಿ ಮುಂದೆ ದಂಡದ ವಿಚಾರಣೆಗೆ ದಾರಿ ಮಾಡುವಂಥದ್ದು; ಅದು ಸೆಕ್ಷನ್ 46 ಮತ್ತು 52ರ ದಾರಿಯಲ್ಲಿ ಸಾಗುತ್ತದೆ. ಎರಡಕ್ಕೂ ಅಧಿಕಾರಿ ಬೇರೆ, ಕಾಲಮಿತಿ ಬೇರೆ, ಮೇಲ್ಮನವಿ ಬೇರೆ. ಎರಡಕ್ಕೂ ಸೇರಿಸಿ ಒಂದೇ ಪತ್ರದಲ್ಲಿ ಉತ್ತರ ಬರೆದು, ಕೊನೆಗೆ ಯಾವುದಕ್ಕೂ ಸರಿಯಾದ ಉತ್ತರ ಕೊಡದಂತೆ ಆಗಿಹೋದ ಕಡತಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನಿಯಂತ್ರಣ ಸಂಸ್ಥೆಗಳಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರರ ಛಾಯೆಯೂ ಇರುತ್ತದೆ ಎಂಬುದು ನಿಜ. ಷೇರುಪೇಟೆಯ ಸೆಬಿಯನ್ನೇ ನೋಡಿ: ವಿನಿಯಮಗಳನ್ನು (ಕಾಯ್ದೆಯಡಿ ಮಾಡುವ ವಿವರವಾದ ನಿಯಮಗಳನ್ನು) ರೂಪಿಸುವುದೂ ಅದೇ, ತನಿಖೆ ನಡೆಸುವುದೂ ಅದೇ, ದಂಡ ವಿಧಿಸುವ ಅಧಿಕಾರಿಯೂ ಅದರವರೇ. ನಮ್ಮ ಸಂವಿಧಾನ ಅಧಿಕಾರ ವಿಭಜನೆಯನ್ನು ಕಟ್ಟುನಿಟ್ಟಾಗಿ ಗೆರೆ ಎಳೆದಂತೆ ಒಪ್ಪಿಕೊಂಡಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1955ರಲ್ಲಿ ರಾಮ್ ಜವಾಯಾ ಕಪೂರ್ ಪ್ರಕರಣದಲ್ಲೇ ಹೇಳಿದೆ. ಆಹಾರದ ಗುಣಮಟ್ಟದ ಮಾತಿನಲ್ಲಿ ಯಾವ ವಸ್ತುವಿನಲ್ಲಿ ಏನು ಎಷ್ಟಿರಬಹುದು ಎಂಬುದನ್ನು ಸಂಸತ್ತು ಕುಳಿತು ನಿರ್ಧರಿಸಲಾರದು. ಆದ್ದರಿಂದ ಕಾಯ್ದೆಯಲ್ಲಿ ಚೌಕಟ್ಟು ಹಾಕಿ, ವಿವರ ತುಂಬುವ ಕೆಲಸವನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರಕ್ಕೆ ವಹಿಸಲಾಗಿದೆ. ಆದರೆ ನಿಮ್ಮ ಪ್ರಕರಣದಲ್ಲಿ ‘ಎಲ್ಲವೂ ಅವರೇ’ ಎಂಬುದು ಪೂರ್ತಿ ಸರಿಯಲ್ಲ. ವಿನಿಯಮ ಮಾಡುವುದು ದೆಹಲಿಯಲ್ಲಿರುವ ಪ್ರಾಧಿಕಾರ. ತಪಾಸಣೆ ಮಾಡಿ ಮಾದರಿ ತೆಗೆದವರು ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿ. ನೋಟಿಸಿಗೆ ಸಹಿ ಹಾಕಬೇಕಾದವರು ಅಂಕಿತ ಅಧಿಕಾರಿ (ಡೆಸಿಗ್ನೇಟೆಡ್ ಆಫೀಸರ್). ದಂಡ ಹಾಕಬಲ್ಲವರು ಅಪರ ಜಿಲ್ಲಾ ದಂಡಾಧಿಕಾರಿ ದರ್ಜೆಗೆ ಕಡಿಮೆಯಲ್ಲದ ನ್ಯಾಯನಿರ್ಣಯ ಅಧಿಕಾರಿ. ನಿಮ್ಮ ನೋಟಿಸಿನ ಕೆಳಗೆ ಯಾರ ಸಹಿ ಇದೆ ಎಂಬುದನ್ನು ಈಗಲೇ ನೋಡಿ. ಅಂಕಿತ ಅಧಿಕಾರಿಯ ಬದಲು ತಪಾಸಣೆಗೆ ಬಂದವರೇ ಸಹಿ ಹಾಕಿದ್ದರೆ, ಕಾಯ್ದೆ ಒಬ್ಬರಿಗೆ ಕೊಟ್ಟ ಅಧಿಕಾರವನ್ನು ಇನ್ನೊಬ್ಬರು ಚಲಾಯಿಸಿದಂತಾಗುತ್ತದೆ, ಅದು ನಿಮ್ಮ ಉತ್ತರದ ಮೊದಲ ಆಕ್ಷೇಪಣೆಯಾಗಬೇಕು.

‘ಕೋರ್ಟಿನ ಆದೇಶವಲ್ಲ, ಸುಮ್ಮನಿರಿ’ ಎಂಬ ಸಲಹೆ ನಾಲ್ಕರಲ್ಲಿ ಅತ್ಯಂತ ಅಪಾಯಕಾರಿ. ಸುಧಾರಣಾ ನೋಟಿಸನ್ನು ಪಾಲಿಸದಿದ್ದರೆ ಪರವಾನಗಿಯನ್ನು ಅಮಾನತಿನಲ್ಲಿಡುವ ಅಧಿಕಾರ ಸೆಕ್ಷನ್ 32ರಲ್ಲೇ ಇದೆ, ಅದಕ್ಕೆ ಯಾವ ನ್ಯಾಯಾಲಯದ ಅಪ್ಪಣೆಯೂ ಬೇಕಿಲ್ಲ. ಸಿವಿಲ್ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತರುತ್ತೇನೆ ಎಂದರೆ, ನ್ಯಾಯನಿರ್ಣಯ ಅಧಿಕಾರಿ ಅಥವಾ ಮೇಲ್ಮನವಿ ನ್ಯಾಯಮಂಡಳಿ ತೀರ್ಮಾನಿಸಬೇಕಾದ ವಿಷಯಗಳಲ್ಲಿ ಸೆಕ್ಷನ್ 72 ಆ ಬಾಗಿಲನ್ನೂ ಮುಚ್ಚಿದೆ.

ಹಾಗೆಂದು ನೋಟಿಸಿನಲ್ಲಿ ಬರೆದದ್ದೆಲ್ಲ ಕಾನೂನೂ ಅಲ್ಲ. ಸೆಕ್ಷನ್ 32 ಅಧಿಕಾರ ಕೊಡುವಾಗಲೇ ಅದಕ್ಕೆ ಅಳತೆಯನ್ನೂ ಹಾಕಿದೆ. ನೋಟಿಸಿನಲ್ಲಿ ಆಧಾರ ಹೇಳಿರಬೇಕು, ಯಾವ ವಿನಿಯಮದ ಯಾವ ಅಂಶ ತಪ್ಪಿದೆ ಎಂಬುದನ್ನು ತಿಳಿಸಿರಬೇಕು, ಏನು ಮಾಡಬೇಕೆಂದು ಸೂಚಿಸಿರಬೇಕು, ಮಾಡಲು ಕನಿಷ್ಠ 14 ದಿನಗಳ ಸಮಯ ಕೊಟ್ಟಿರಬೇಕು. ನಿಮ್ಮ ನೋಟಿಸು 3ರಂದು ಬರೆದದ್ದು, ಗಡುವು ಆ ದಿನಾಂಕದಿಂದ 14 ದಿನ, ಅಂದರೆ 17ನೇ ತಾರೀಖು. ನಿಮ್ಮ ಕೈಸೇರಿದ್ದು 9ರಂದು. ಕಾಯ್ದೆ ಕನಿಷ್ಠ 14 ದಿನ ಎಂದರೆ ನಿಮಗೆ ಸಿಕ್ಕಿದ್ದು ಎಂಟು ದಿನ. ಕೈಗೆ ಬಾರದ ನೋಟಿಸನ್ನು ಪಾಲಿಸಲು ಯಾರಿಂದಲೂ ಆಗದು ಎಂಬುದು ಬಲವಾದ ವಾದ. ಅದನ್ನು ಉತ್ತರದಲ್ಲಿ ಸ್ಪಷ್ಟವಾಗಿ ಬರೆದು, 9ರಿಂದ ಎಣಿಸಿ ಸಮಯ ಕೊಡಬೇಕೆಂದು ಕೇಳಿ. ನೋಟಿಸು ಬಂದ ಲಕೋಟೆಯನ್ನು ಎಸೆಯಬೇಡಿ. ಅದರ ಮೇಲಿನ ಅಂಚೆಮುದ್ರೆಯೇ ನಿಮ್ಮ ಸಾಕ್ಷಿ.

ಆದರೆ ಇಲ್ಲೇ ಒಂದು ಬಲೆಯಿದೆ, ವಕೀಲರೂ ಕೆಲವೊಮ್ಮೆ ಇದರಲ್ಲಿ ಸಿಕ್ಕಿಬೀಳುತ್ತಾರೆ. ಸುಧಾರಣಾ ನೋಟಿಸಿನ ವಿರುದ್ಧ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ನೋಟಿಸು ತಲುಪಿದ ದಿನದಿಂದ 15 ದಿನ ಎಂದು ಎಲ್ಲರೂ ಹೇಳುತ್ತಾರೆ. ಕಾಯ್ದೆ ಹೇಳುವುದು ಅಷ್ಟೇ ಅಲ್ಲ: 15 ದಿನ ಅಥವಾ ನೋಟಿಸಿನಲ್ಲಿ ಕೊಟ್ಟ ಅವಧಿ, ಇವುಗಳಲ್ಲಿ ಯಾವುದು ಮೊದಲು ಮುಗಿಯುತ್ತದೆಯೋ ಅದು. ನಿಮ್ಮ ಲೆಕ್ಕದಲ್ಲಿ 9ರಿಂದ 15 ದಿನ ಎಂದರೆ 24ನೇ ತಾರೀಖು. ನೋಟಿಸಿನ ಅವಧಿ ಮುಗಿಯುವುದು 17ಕ್ಕೆ. ಆದ್ದರಿಂದ ಗಡುವು ತಪ್ಪಾಗಿ ಎಣಿಸಲ್ಪಟ್ಟಿದೆ ಎಂಬ ನಿಮ್ಮ ವಾದ ಎಷ್ಟೇ ಸರಿಯಿದ್ದರೂ, ಮೇಲ್ಮನವಿ ಹಾಕುವುದಿದ್ದರೆ 17ರೊಳಗೆ ಹಾಕಿಬಿಡುವುದೇ ಕ್ಷೇಮ. ವಾದವನ್ನು ಪರೀಕ್ಷೆಗೊಡ್ಡಲು ಹೋಗಿ ಹಕ್ಕನ್ನೇ ಕಳೆದುಕೊಳ್ಳಬಾರದು.

ನೋಟಿಸಿನ ಕೊನೆಯ ಸಾಲು, ಅಂದರೆ ಪಾಲಿಸದಿದ್ದರೆ ‘ರದ್ದು’ ಎಂಬ ಬೆದರಿಕೆ, ಕಾಯ್ದೆಯ ಮೆಟ್ಟಿಲುಗಳನ್ನು ಹಾರಿದೆ. ಕ್ರಮ ಹೀಗಿದೆ: ನೋಟಿಸು, ಪಾಲಿಸದಿದ್ದರೆ ಅಮಾನತು, ಆಮೇಲೂ ಪಾಲಿಸದಿದ್ದರೆ ಕಾರಣ ಕೇಳಿ ನೋಟಿಸು, ನಿಮ್ಮ ವಿವರಣೆ ನೋಡಿದ ಬಳಿಕ ಮಾತ್ರ ರದ್ದು. ಸಾರ್ವಜನಿಕ ಆರೋಗ್ಯಕ್ಕೆ ಅಪಾಯವಿದ್ದರೆ ಅಧಿಕಾರಿ ತಕ್ಷಣವೇ ಅಮಾನತು ಮಾಡಬಹುದು, ಆದರೆ ಅದಕ್ಕೆ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ಗೋಡೆ ಮತ್ತು ಚರಂಡಿ ಮುಚ್ಚಳದ ಮಾತು ಆ ತುರ್ತಿನ ಮಟ್ಟಕ್ಕೆ ಸಾಮಾನ್ಯವಾಗಿ ಬರುವುದಿಲ್ಲ.

ಈ ಮೆಟ್ಟಿಲುಗಳು ಬರಿಯ ಔಪಚಾರಿಕತೆಯಲ್ಲ. ನಮ್ಮ ಆಡಳಿತ ಕಾನೂನಿನ ಜೀವಾಳ ಇರುವುದೇ ಇಲ್ಲಿ. ಒಬ್ಬರ ಹಕ್ಕಿಗೆ ಧಕ್ಕೆ ತರುವ ಆದೇಶ ಹೊರಡಿಸುವ ಮುನ್ನ ಅವರ ಮಾತು ಕೇಳಬೇಕು ಎಂಬ ಸಹಜ ನ್ಯಾಯದ ತತ್ವ ನ್ಯಾಯಾಲಯಗಳಿಗಷ್ಟೇ ಅಲ್ಲ, ಕಚೇರಿಗಳಿಗೂ ಅನ್ವಯಿಸುತ್ತದೆ ಎಂಬುದನ್ನು 1969ರ ಕ್ರೈಪಾಕ್ ತೀರ್ಪು ಮತ್ತು 1978ರ ಮೇನಕಾ ಗಾಂಧಿ ತೀರ್ಪು ಗಟ್ಟಿಗೊಳಿಸಿವೆ. ಕೇಳುವುದು ನಾಟಕವಾಗಬಾರದು ಎಂಬುದನ್ನು ಹೇಳಿದ್ದು 2010ರ ಓರಿಕ್ಸ್ ಫಿಷರೀಸ್ ಪ್ರಕರಣ. ಅದರಲ್ಲಿ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ ರಫ್ತುದಾರರೊಬ್ಬರಿಗೆ ಕೊಟ್ಟ ಕಾರಣ ಕೇಳಿ ನೋಟಿಸಿನಲ್ಲೇ ಅವರು ತಪ್ಪಿತಸ್ಥರು ಎಂದು ತೀರ್ಮಾನಿಸಿಬಿಟ್ಟಿತ್ತು. ಮೊದಲೇ ತೀರ್ಮಾನಿಸಿ ಆಮೇಲೆ ವಿವರಣೆ ಕೇಳುವುದು ವಿಚಾರಣೆಯೇ ಅಲ್ಲ ಎಂದು ಸುಪ್ರೀಂ ಕೋರ್ಟ್ ಆ ಕ್ರಮವನ್ನು ರದ್ದುಪಡಿಸಿತು. ಆಹಾರದ ವಿಷಯದಲ್ಲೇ ಹೇಳುವುದಾದರೆ, 2015ರ ಜೂನ್‌ನಲ್ಲಿ ಮ್ಯಾಗಿ ನೂಡಲ್ಸ್‌ನ ಒಂಬತ್ತು ಬಗೆಗಳನ್ನು ನಿಷೇಧಿಸಿದ್ದ ಆದೇಶವನ್ನು ಬಾಂಬೆ ಹೈಕೋರ್ಟ್ ಅದೇ ವರ್ಷದ ಆಗಸ್ಟ್ 13ರಂದು ತೆಗೆದುಹಾಕಿತು. ಕಂಪನಿಗೆ ಮುಂಚಿತವಾಗಿ ಅವಕಾಶ ಕೊಟ್ಟಿರಲಿಲ್ಲ, ಪರೀಕ್ಷೆ ಮಾಡಿದ ಪ್ರಯೋಗಾಲಯಗಳಿಗೆ ಕಾಯ್ದೆ ಕೇಳುವ ಮಾನ್ಯತೆ ಇರಲಿಲ್ಲ ಎಂಬುವು ಮುಖ್ಯ ಕಾರಣಗಳು. ಇದನ್ನು ಹೇಳುವಾಗ ಜನ ಮರೆಯುವ ಇನ್ನರ್ಧವೂ ಇದೆ: ಮಾನ್ಯತೆ ಪಡೆದ ಮೂರು ಪ್ರಯೋಗಾಲಯಗಳಲ್ಲಿ ಮತ್ತೆ ಪರೀಕ್ಷೆಯಾಗಿ ಸರಿಯೆಂದು ಬರುವವರೆಗೆ ಮಾರಾಟಕ್ಕೆ ನ್ಯಾಯಾಲಯ ಬಿಟ್ಟುಕೊಡಲಿಲ್ಲ. ವಿಧಾನದ ತಪ್ಪು ತೋರಿಸಿ ಗೆದ್ದವರಿಗೆ ಸಾಮಾನ್ಯವಾಗಿ ಸಿಗುವುದು ಮತ್ತೊಂದು, ಸರಿಯಾದ ವಿಚಾರಣೆ. ಸರಕು ಸರಿಯಿಲ್ಲದಿದ್ದರೆ ಅಲ್ಲಿ ಮತ್ತೆ ಸೋಲಬೇಕಾಗುತ್ತದೆ.

ಸಿಸಿ ಕ್ಯಾಮೆರಾದ ವಿಷಯಕ್ಕೆ ಬರೋಣ. ಗೋಡೆ, ಚರಂಡಿ, ಕೆಲಸಗಾರರ ವಾರ್ಷಿಕ ವೈದ್ಯಕೀಯ ತಪಾಸಣೆ ಇವೆಲ್ಲ 2011ರ ಪರವಾನಗಿ ವಿನಿಯಮಗಳ 4ನೇ ಅನುಸೂಚಿಯ ನೈರ್ಮಲ್ಯದ ಷರತ್ತುಗಳ ವ್ಯಾಪ್ತಿಗೆ ಬರುವಂಥವು. ಅವುಗಳ ಬಗ್ಗೆ ಜಗಳಕ್ಕಿಳಿಯುವುದರಲ್ಲಿ ಅರ್ಥವಿಲ್ಲ. ಸುತ್ತೋಲೆ ಮಾತ್ರ ಬೇರೆ ಜಾತಿಯದು. ಪ್ರಾಧಿಕಾರ ವಿನಿಯಮ ಮಾಡಬೇಕಾದರೆ ಸೆಕ್ಷನ್ 92ರಂತೆ ಕರಡನ್ನು ಮುಂಚಿತವಾಗಿ ಪ್ರಕಟಿಸಬೇಕು, ಕೇಂದ್ರ ಸರ್ಕಾರದ ಒಪ್ಪಿಗೆ ಪಡೆಯಬೇಕು, ಅಧಿಸೂಚನೆ ಹೊರಡಿಸಬೇಕು; ಆಮೇಲೆ ಅದು ಸಂಸತ್ತಿನ ಮುಂದೆ ಬರಬೇಕು. ಈ ದಾರಿಯಲ್ಲಿ ಬಾರದ ಸಲಹಾಪತ್ರಗಳಿಗೆ ಕಾನೂನಿನ ಬಲವಿಲ್ಲ ಎಂದು ಬಾಂಬೆ ಹೈಕೋರ್ಟ್ ವೈಟಲ್ ನ್ಯೂಟ್ರಾಸ್ಯೂಟಿಕಲ್ಸ್ ಪ್ರಕರಣದಲ್ಲಿ ಹೇಳಿತು, 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸುತ್ತೋಲೆ ಕಚೇರಿಯ ಅಧಿಕಾರಿಗಳನ್ನು ಕಟ್ಟಿಹಾಕಬಹುದು. ನಿಮ್ಮ ಮೇಲೆ ಹೊಸ ಹೊಣೆ ಹೊರಿಸಬೇಕಾದರೆ ವಿನಿಯಮವೋ ಪರವಾನಗಿಯ ಷರತ್ತೋ ಬೇಕು. ಹಾಗಾಗಿ ಮೊದಲು ನಿಮ್ಮ ಪರವಾನಗಿಯ ಹಿಂಬದಿಯ ಷರತ್ತುಗಳನ್ನು ಓದಿ ನೋಡಿ. ಅಲ್ಲಿ ಇಲ್ಲದಿದ್ದರೆ, ಸುತ್ತೋಲೆಯ ಸಂಖ್ಯೆ, ದಿನಾಂಕ ಮತ್ತು ಅದು ಯಾವ ವಿನಿಯಮದಡಿ ಬಂದಿದೆ ಎಂಬುದನ್ನು ತಿಳಿಸಿ ಪ್ರತಿ ಕೊಡಬೇಕೆಂದು ವಿನಯದಿಂದ ಕೇಳಿ. ಈ ಪ್ರಶ್ನೆಯೊಂದಕ್ಕೇ ಎಷ್ಟೋ ಷರತ್ತುಗಳು ಮುಂದಿನ ಪತ್ರದಲ್ಲಿ ಸದ್ದಿಲ್ಲದೆ ಮಾಯವಾಗಿವೆ.

ಈಗ ಉತ್ತರ ಬರೆಯುವ ರೀತಿ. ‘ತಪ್ಪಾಯಿತು, ಕ್ಷಮಿಸಿ’ ಎಂದು ಬರೆದುಕೊಡುವುದು ನಮ್ಮಲ್ಲಿ ಸೌಜನ್ಯದ ಮಾತಿನಂತೆ ಬಂದುಬಿಡುತ್ತದೆ. ಕಡತದಲ್ಲಿ ಅದು ತಪ್ಪೊಪ್ಪಿಗೆಯಾಗಿ ಕೂರುತ್ತದೆ, ನಾಳೆ ದಂಡದ ವಿಚಾರಣೆಯಲ್ಲಿ ಅದೇ ಹಾಳೆಯನ್ನು ನಿಮ್ಮ ಮುಂದೆ ಹಿಡಿಯುತ್ತಾರೆ. ಅದರ ಬದಲು ಅಂಶವಾರು ಉತ್ತರಿಸಿ. ಇಂಥ ಕೆಲಸವನ್ನು ಇಂಥ ದಿನ ಮುಗಿಸಿದ್ದೇವೆ, ಬಿಲ್ಲು ಮತ್ತು ಛಾಯಾಚಿತ್ರ ಲಗತ್ತಿಸಿದೆ. ಇಂಥದ್ದಕ್ಕೆ ಇಷ್ಟು ದಿನ ಬೇಕು, ಕಾರಣ ಇದು. ಇಂಥ ಅಂಶವನ್ನು ಒಪ್ಪುವುದಿಲ್ಲ, ಆಧಾರ ತಿಳಿಸಿ. ಗೋಡೆಯ ವಿಷಯದಲ್ಲಿ ಅವರು ಹೇಳಿದ ಲೇಪನವೇ ಆಗಬೇಕೆಂದಿಲ್ಲ. ಸೂಚಿಸಿದ ಕ್ರಮ ಅಥವಾ ಕನಿಷ್ಠ ಅದಕ್ಕೆ ಸಮನಾದ ಕ್ರಮ ಎಂದು ಕಾಯ್ದೆಯೇ ಅವಕಾಶ ಕೊಟ್ಟಿದೆ. ಟೈಲ್ಸ್ ಹಾಕಿಸುವುದು ನಿಮಗೆ ಸುಲಭವಾದರೆ ಅದು ಹೇಗೆ ಸಮನಾಗುತ್ತದೆ ಎಂಬುದನ್ನು ಎರಡು ಸಾಲಿನಲ್ಲಿ ವಿವರಿಸಿ. ಪತ್ರವನ್ನು ಕಚೇರಿಯ ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಅಂದೇ ಸ್ಪೀಡ್ ಪೋಸ್ಟ್ ಮಾಡಿ. ತಪಾಸಣಾ ವರದಿಯ ಪ್ರತಿ ನಿಮಗೆ ಕೊಟ್ಟಿಲ್ಲವಾದರೆ ಉತ್ತರದಲ್ಲೇ ಕೇಳಿ, ಜತೆಗೆ ಮಾಹಿತಿ ಹಕ್ಕಿನಡಿ ಪ್ರತ್ಯೇಕ ಅರ್ಜಿಯನ್ನೂ ಹಾಕಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಧಿಕಾರಿಯ ಆದೇಶ ಅದರಲ್ಲಿ ಬರೆದ ಕಾರಣಗಳ ಮೇಲೆಯೇ ನಿಲ್ಲಬೇಕು, ಆಮೇಲೆ ಪ್ರಮಾಣಪತ್ರ ಸಲ್ಲಿಸಿ ಹೊಸ ಕಾರಣ ಸೇರಿಸುವಂತಿಲ್ಲ ಎಂದು 1977ರ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತತ್ವದ ಪ್ರಯೋಜನ ನಿಮಗೆ ಸಿಗಬೇಕಾದರೆ, ಅಧಿಕಾರಿ ಉತ್ತರಿಸಲೇಬೇಕಾದ ಪ್ರಶ್ನೆಗಳು ನಿಮ್ಮ ಪತ್ರದಲ್ಲಿ ಇರಬೇಕು. ನೀವು ಎತ್ತದ ಆಕ್ಷೇಪಣೆಗೆ ಅವರು ಕಾರಣ ಕೊಟ್ಟಿಲ್ಲ ಎಂದು ದೂರುವುದು ಕಷ್ಟ. ಮುಂದೆ ಆಯುಕ್ತರಾಗಲಿ ನ್ಯಾಯಾಧೀಶರಾಗಲಿ ಮೊದಲು ಓದುವುದು ಈಗ ನೀವು ಬರೆಯುವ ಈ ನಾಲ್ಕು ಪುಟಗಳನ್ನೇ.

ಹೈಕೋರ್ಟಿಗೆ ಹೋಗುವ ಮಾತು. ಸಂವಿಧಾನದ 226ನೇ ವಿಧಿಯಡಿ ರಿಟ್ ಹಾಕುವ ದಾರಿ ಎಂದಿಗೂ ಮುಚ್ಚುವುದಿಲ್ಲ. ಆಯುಕ್ತರ ತೀರ್ಮಾನವೇ ಅಂತಿಮ ಎಂದು ಕಾಯ್ದೆಯಲ್ಲಿದ್ದರೂ ಹೈಕೋರ್ಟಿನ ಪುನರ್‌ವಿಮರ್ಶೆಯ ಅಧಿಕಾರವನ್ನು ಅದು ಕಸಿಯಲಾರದು. ಆದರೆ ಕಾಯ್ದೆಯಲ್ಲೇ ಮೇಲ್ಮನವಿ ಇರುವಾಗ ಹೈಕೋರ್ಟ್ ಸಾಮಾನ್ಯವಾಗಿ ಅಲ್ಲಿಗೇ ಹೋಗಿ ಎನ್ನುತ್ತದೆ. 1998ರ ವರ್ಲ್‌ಪೂಲ್ ತೀರ್ಪು ಇದಕ್ಕೆ ಕೆಲವು ಅಪವಾದಗಳನ್ನು ಹೇಳಿದೆ: ಮೂಲಭೂತ ಹಕ್ಕಿನ ಉಲ್ಲಂಘನೆ, ಸಹಜ ನ್ಯಾಯದ ಉಲ್ಲಂಘನೆ, ಅಧಿಕಾರವ್ಯಾಪ್ತಿಯೇ ಇಲ್ಲದ ಕ್ರಮ, ಅಥವಾ ಕಾಯ್ದೆಯ ಸಿಂಧುತ್ವವನ್ನೇ ಪ್ರಶ್ನಿಸುವುದು. ನಿಮ್ಮದು ಸದ್ಯಕ್ಕೆ ಬರಿಯ ನೋಟಿಸು. ಅದರ ಹಂತದಲ್ಲೇ ಹೋದರೆ ‘ಇನ್ನೂ ಕಾಲ ಬಂದಿಲ್ಲ’ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಆ ನಡುವೆ 17ನೇ ತಾರೀಖು ಕಳೆದುಹೋದರೆ ಎರಡೂ ಕಡೆ ನಷ್ಟ. ನನ್ನ ಅಭಿಪ್ರಾಯದಲ್ಲಿ ರಿಟ್ ಯೋಚಿಸಬೇಕಾದ ಸಂದರ್ಭವೆಂದರೆ, ನಿಮ್ಮ ಉತ್ತರವನ್ನು ನೋಡದೆಯೇ ಅಥವಾ ನಡುವಿನ ಮೆಟ್ಟಿಲು ಹಾರಿ ಪರವಾನಗಿಯನ್ನು ರದ್ದು ಮಾಡಿದಾಗ.

ವಿಶ್ಲೇಷಕರ ವರದಿಯ ವಿಷಯದಲ್ಲಿ ಬೇರೆಯೇ ಲೆಕ್ಕ. ವರದಿಯ ಪ್ರತಿ ಕೈಸೇರಿದ 30 ದಿನಗಳೊಳಗೆ ಅಂಕಿತ ಅಧಿಕಾರಿಯ ಮುಂದೆ ಮೇಲ್ಮನವಿ ಹಾಕಬಹುದು. ಅವರು ಒಪ್ಪಿದರೆ ಉಳಿಸಿಟ್ಟ ಮಾದರಿಯ ಭಾಗ ಉಲ್ಲೇಖಿತ ಪ್ರಯೋಗಾಲಯಕ್ಕೆ (ಮರುಪರೀಕ್ಷೆಗೆಂದು ಗೊತ್ತುಮಾಡಿದ ಪ್ರಯೋಗಾಲಯಕ್ಕೆ) ಹೋಗುತ್ತದೆ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂಥದೊಂದು. ಅಲ್ಲಿಂದ ಬಂದ ವರದಿಯೇ ಕೊನೆ. ಆದ್ದರಿಂದ ಮೇಲ್ಮನವಿ ಹಾಕುವ ಮುನ್ನ ವರದಿಯ ಎರಡು ಅಂಶಗಳನ್ನು ಬಿಡಿಸಿ ನೋಡಿ. ಬ್ಯಾಚ್ ಸಂಖ್ಯೆ ಇಲ್ಲ ಎಂಬುದಕ್ಕೆ ಪ್ರಯೋಗಾಲಯ ಬೇಡ, ಪೊಟ್ಟಣ ನೋಡಿದರೆ ಸಾಕು. ಅಲ್ಲಿ ಸಂಖ್ಯೆ ನಿಜಕ್ಕೂ ಇಲ್ಲದಿದ್ದರೆ ಮರುಪರೀಕ್ಷೆಯಿಂದ ಏನೂ ಬದಲಾಗದು. ಬೆಂಜೋಯಿಕ್ ಆಮ್ಲದ ಅಂಶ ಮಾತ್ರ ಪರೀಕ್ಷೆಗೆ ಯೋಗ್ಯವಾದದ್ದು. ನೀವು ಹಾಕುವುದಿಲ್ಲ ಎನ್ನುತ್ತೀರಿ, ನಾನು ನಂಬುತ್ತೇನೆ. ಆದರೆ ಹೊರಗಿನಿಂದ ಕೊಳ್ಳುವ ಬೆಳ್ಳುಳ್ಳಿ ಪೇಸ್ಟು, ನಿಂಬೆರಸದ ಡಬ್ಬಿ, ಉಪ್ಪುನೀರಿನಲ್ಲಿಟ್ಟು ತಂದ ಮಿಡಿಗಾಯಿ ಇವುಗಳಲ್ಲಿ ಏನಿದೆ ಎಂದು ಕೇಳಿದ್ದೀರಾ? ಸಣ್ಣ ಘಟಕಗಳ ಲೇಬಲ್ ತಕರಾರುಗಳಲ್ಲಿ ಸಂರಕ್ಷಕ ಕಚ್ಚಾ ಸಾಮಗ್ರಿಯ ಜತೆಗೇ ಒಳಬಂದಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು. ಹಾಗೆ ಬಂದಿದ್ದರೆ ಉಲ್ಲೇಖಿತ ಪ್ರಯೋಗಾಲಯವೂ ಅದನ್ನೇ ಕಾಣುತ್ತದೆ, ನಿಮ್ಮ ಕೈಯಾರೆ ನೀವೇ ವರದಿಯನ್ನು ಗಟ್ಟಿಮಾಡಿಸಿಕೊಂಡಂತಾಗುತ್ತದೆ. ಆಗ ಸರಿಯಾದ ದಾರಿ ಎಂದರೆ ಮಾರುವವರ ಬಿಲ್ಲು, ಡಬ್ಬಿಯ ಲೇಬಲ್ಲು ಜೋಡಿಸಿಟ್ಟುಕೊಂಡು, ‘ಸಂರಕ್ಷಕರಹಿತ’ ಎಂಬ ಸಾಲನ್ನು ಇಂದೇ ಲೇಬಲ್ಲಿನಿಂದ ತೆಗೆಯುವುದು. ನಮಗೆ ಗೊತ್ತಿಲ್ಲದೆ ಬಂದಿತ್ತು ಎಂಬುದು ದಂಡವನ್ನು ತಪ್ಪಿಸದಿದ್ದರೂ ಕಡಿಮೆ ಮಾಡಬಲ್ಲದು: ಸೆಕ್ಷನ್ 49ರ ಪ್ರಕಾರ ಎಷ್ಟು ಲಾಭವಾಯಿತು, ಯಾರಿಗೆ ಎಷ್ಟು ನಷ್ಟವಾಯಿತು, ಮತ್ತೆ ಮತ್ತೆ ನಡೆದದ್ದೇ, ತಿಳಿಯದೆ ಆದದ್ದೇ ಎಂಬುದನ್ನೆಲ್ಲ ಅಧಿಕಾರಿ ಪರಿಗಣಿಸಬೇಕು. ಮಿಸ್‌ಬ್ರ್ಯಾಂಡೆಡ್ ಆಹಾರಕ್ಕೆ 3 ಲಕ್ಷ ರೂಪಾಯಿವರೆಗೆ ದಂಡ ಎಂದರೆ ಅದು ಮೇಲಿನ ಮಿತಿ, ನಿಗದಿತ ದರವಲ್ಲ. ಆ ಆದೇಶದ ಮೇಲೂ 30 ದಿನಗಳೊಳಗೆ ಆಹಾರ ಸುರಕ್ಷತಾ ಮೇಲ್ಮನವಿ ನ್ಯಾಯಮಂಡಳಿಗೆ, ಅಲ್ಲಿಂದ 60 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದು. ದಂಡ ಕಟ್ಟದೆ ಕೂತರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡುತ್ತಾರೆ, ಕಟ್ಟುವವರೆಗೆ ಪರವಾನಗಿಯೂ ಅಮಾನತಾಗುತ್ತದೆ.

ಮುಂದಿನ ಸಲ ಮಾದರಿ ತೆಗೆಯುವಾಗ ಒಂದು ವಿಷಯ ನೆನಪಿಡಿ: ಅದನ್ನು ನಾಲ್ಕು ಭಾಗ ಮಾಡುತ್ತಾರೆ, ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಎಂದು ಆಗಲೇ ಲಿಖಿತವಾಗಿ ಕೇಳುವ ಹಕ್ಕು ನಿಮಗಿದೆ.

ಏಜೆಂಟನ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಬಳಿಕ ಲಂಚ ಕೊಟ್ಟವರೂ ಅಪರಾಧಿಗಳೇ; ಒತ್ತಾಯಕ್ಕೆ ಸಿಕ್ಕು ಕೊಟ್ಟಿದ್ದರೆ ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ರಕ್ಷಣೆ. ಇನ್ನೊಂದು ತುದಿಯ ಎಚ್ಚರಿಕೆಯೂ ಬೇಕು: ಕಾರಣವಿಲ್ಲದೆ ಕಿರುಕುಳ ಕೊಡುವ ಅಧಿಕಾರಿಗೆ ಸೆಕ್ಷನ್ 39ರಲ್ಲಿ ದಂಡವಿದೆ, ಆದರೆ ಸುಳ್ಳು ದೂರು ಕೊಟ್ಟವರಿಗೂ ಅದೇ ಸೆಕ್ಷನ್ನಿನಲ್ಲಿ 50 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಸಿಟ್ಟಿನಲ್ಲಿ ಅಧಿಕಾರಿಯ ಮೇಲೆ ವೈಯಕ್ತಿಕ ಆರೋಪ ಬರೆದು ಕಳಿಸಬೇಡಿ.

ಗೋಡೆ, ಚರಂಡಿ, ಪ್ರಮಾಣಪತ್ರಗಳ ಕೆಲಸ ಮುಗಿದ ದಿನವೇ ಮರುತಪಾಸಣೆಗೆ ಬರುವಂತೆ ಕೋರಿ ಅಂಕಿತ ಅಧಿಕಾರಿಗೆ ಇನ್ನೊಂದು ಪತ್ರ ಕೊಡಿ, ಸುಧಾರಣೆಯಾಗಿದೆ ಎಂಬ ಪ್ರಮಾಣಪತ್ರವನ್ನು ಲಿಖಿತವಾಗಿ ಕೇಳಿ. ‘ಸರಿಯಾಗಿದೆ, ಹೋಗಿ’ ಎಂಬ ಬಾಯಿಮಾತನ್ನು ನಂಬಿ ಬಂದವರ ಕಡತದಲ್ಲಿ ಹಳೆಯ ನೋಟಿಸು ತೆರೆದೇ ಇರುತ್ತದೆ, ಪರವಾನಗಿ ನವೀಕರಣದ ಹೊತ್ತಿಗೆ ಅದು ಮತ್ತೆ ಎದುರಾಗುತ್ತದೆ. ಪ್ರಮಾಣಪತ್ರ ಕೊಡುವುದಿಲ್ಲ ಎಂದರೆ ಆ ನಿರಾಕರಣೆಯನ್ನೇ ಹಿಂಬರಹವಾಗಿ ಬರೆದುಕೊಡುವಂತೆ ಕೇಳಿ. ಅದರ ಮೇಲೂ ಆಯುಕ್ತರಿಗೆ ಮೇಲ್ಮನವಿ ಇದೆ, ಅದಕ್ಕೆ ಪೂರ್ತಿ 15 ದಿನಗಳು ಸಿಗುತ್ತವೆ.